ಅದೃಶ್ಯವಸ್ತುಸಿದ್ಧಿ: ಕೃಷ್ಣವಿವರಗಳ ಶೋಧನೆಯ ಇತಿಹಾಸ

೧

ಕಣ್ಣಿಗೆ ಕಾಣದ ವಸ್ತುವೊಂದು ಉಂಟೆಂದು ಹೇಳತಕ್ಕವನು ಅದನ್ನು ಯಾವ ಪ್ರಮಾಣದಿಂದ ಸಾಧಿಸಬೇಕೆಂಬ ಪ್ರಶ್ನೆಯು ಭರತಖಂಡದ ದರ್ಶನಕಾರರಿಗೆ ಚಿರಪರಿಚಿತವಾದುದು. ಪರ್ವತದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರುವುದೆಂದು ತಿಳಿಯುವ ದೃಷ್ಟಾಂತವು ನ್ಯಾಯಶಾಸ್ತ್ರದ ಪಾಠವನ್ನು ಆರಂಭಿಸಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ವಿದಿತವೇ ಸರಿ. ಆದರೆ ಆ ಬೆಂಕಿಯು ಪರ್ವತವನ್ನು ಹತ್ತಿ ಹೋದವನಿಗೆ ಪ್ರತ್ಯಕ್ಷವಾಗಬಲ್ಲುದು. ಅಲ್ಲಿ ಅನುಮಾನವು ಪ್ರತ್ಯಕ್ಷಕ್ಕೆ ಮುಂಚಿನ ಒಂದು ಮೆಟ್ಟಿಲು. ಎಷ್ಟು ಹತ್ತಿರ ಹೋದರೂ ಕಾಣದ, ಸ್ವಭಾವದಿಂದಲೇ ಕಾಣಲಶಕ್ಯವಾದ ವಸ್ತುವನ್ನು ಸಾಧಿಸಬೇಕಾದಾಗ ಅನುಮಾನವೇ ಕೊನೆಯ ಆಸರೆಯಾಗುತ್ತದೆ. ಆಗ ಹೇತುವಿನ ದೋಷಗಳನ್ನು ಮತ್ತಷ್ಟು ಕಠಿನವಾಗಿ ಪರೀಕ್ಷಿಸಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಖಗೋಲವಿಜ್ಞಾನಕ್ಕೆ ಇಂಥದೊಂದು ವಸ್ತುವು ಎದುರಾಯಿತು. ಅದಕ್ಕೆ ಕೃಷ್ಣವಿವರವೆಂದೂ ಜನರೂಢಿಯಲ್ಲಿ ಕಪ್ಪುಕುಳಿಯೆಂದೂ ಹೆಸರು. ತನ್ನ ಗುರುತ್ವಾಕರ್ಷಣದ ಬಲದಿಂದ ಬೆಳಕನ್ನು ಸಹ ಹೊರಗೆ ಬಿಡದಿರುವುದೇ ಇದರ ಲಕ್ಷಣ. ಇದರ ವಿಷಯದಲ್ಲಿ ಎರಡು ತಪ್ಪುಕಲ್ಪನೆಗಳು ವಿದ್ಯಾವಂತರಲ್ಲಿಯೂ ಬಳಕೆಯಲ್ಲಿವೆ. ವಿಜ್ಞಾನಿಗಳು ದೂರದರ್ಶಕದಿಂದ ಇದನ್ನು ನೇರಾಗಿ ಕಂಡುಬಿಟ್ಟರೆಂದು ಕೆಲವರು ಹೇಳುವರು; ಇದು ಗಣಿತಜ್ಞರ ಕಲ್ಪನಾವಿಲಾಸವೆಂದು ಮತ್ತೆ ಕೆಲವರು ಹೇಳುವರು. ಶೋಧನೆಯ ಚರಿತ್ರೆಯನ್ನು ಅನುಕ್ರಮವಾಗಿ ಪರಿಶೀಲಿಸಿದರೆ ಇವೆರಡೂ ನಿಲ್ಲುವುದಿಲ್ಲ. ಒಂದು ಹೇತುವನ್ನು ಹಿಡಿದು, ಅದರ ದೋಷವನ್ನು ಕಂಡು, ಅದನ್ನು ಬಿಟ್ಟು ದೃಢತರವಾದ ಇನ್ನೊಂದನ್ನು ಹಿಡಿದು ಮುಂದುವರಿದ ಸುಮಾರು ಅರುವತ್ತು ವರ್ಷಗಳ ವಾದಕಥೆಯೇ ಈ ಶೋಧನೆಯ ಇತಿಹಾಸ.

೨

ಕೃಷ್ಣವಿವರದ ಭಾವನೆಯು ದೂರದರ್ಶಕದಿಂದ ಹುಟ್ಟಿದುದಲ್ಲ, ಲೆಕ್ಕದಿಂದ ಹುಟ್ಟಿದುದು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಪಾದ್ರಿಯಾಗಿದ್ದ ಜಾನ್ ಮಿಷೆಲ್ ಎಂಬಾತನು ೧೭೮೩ನೆಯ ಇಸವಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಲೇಖನವನ್ನು ಕಳುಹಿಸಿದನು. ಸೂರ್ಯನಷ್ಟೇ ಸಾಂದ್ರತೆಯುಳ್ಳ ನಕ್ಷತ್ರದ ವ್ಯಾಸವು ಸೂರ್ಯನ ವ್ಯಾಸದ ೫೦೦ ಪಾಲನ್ನು ಮೀರಿದುದಾದರೆ ಅದರಿಂದ ಹೊರಟ ಬೆಳಕು ಅದಕ್ಕೇ ಹಿಂದಿರುಗುವುದೆಂದು ಆತನು ಗಣಿಸಿದನು. ಇದಕ್ಕಿಂತಲೂ ಗಮನಾರ್ಹವಾದುದು ಆತನ ಮುಂದಿನ ಮಾತು. ಅಂಥ ಕಾಯವನ್ನು ಕಾಣುವುದು ಸಾಧ್ಯವಿಲ್ಲವಾದರೂ ಅದರ ಸುತ್ತ ಬೆಳಗುವ ಮತ್ತೊಂದು ಕಾಯವು ಪರಿಭ್ರಮಿಸುತ್ತಿದ್ದರೆ ಅದರ ಚಲನೆಯಿಂದ ಈ ಅದೃಶ್ಯಕಾಯವನ್ನು ಊಹಿಸಬಹುದೆಂದು ಆತನು ಸೂಚಿಸಿದನು. ಸುಮಾರು ೧೯೦ ವರ್ಷಗಳ ಅನಂತರ ಪ್ರಯೋಗಕ್ಕೆ ಬಂದ ಅನುಮಾನದ ಬೀಜವು ಇಲ್ಲಿಯೇ ಇದೆ. ಫ್ರಾನ್ಸಿನ ಲಾಪ್ಲಾಸನು ೧೭೯೬ರಲ್ಲಿ ಸ್ವತಂತ್ರವಾಗಿ ಇದೇ ವಿಚಾರವನ್ನು ಹೇಳಿದನು.

ಐನ್‌ಸ್ಟೈನನ ಸಾಪೇಕ್ಷತಾಸಿದ್ಧಾಂತವು ೧೯೧೫ರಲ್ಲಿ ಪ್ರಕಟವಾದ ಕೆಲವೇ ವಾರಗಳಲ್ಲಿ ಕಾರ್ಲ್ ಶ್ವಾರ್ಟ್ಸ್‌ಚೈಲ್ಡನು ಯುದ್ಧರಂಗದಲ್ಲಿದ್ದುಕೊಂಡೇ ಅದರ ಸಮೀಕರಣಗಳನ್ನು ಬಿಡಿಸಿದನು. ಅದು ೧೯೧೬ರಲ್ಲಿ ಪ್ರಕಟವಾಯಿತು. ಸೂರ್ಯನ ದ್ರವ್ಯವೆಲ್ಲವೂ ಸುಮಾರು ೩ ಕಿಲೋಮೀಟರು ತ್ರಿಜ್ಯದ ಗೋಲದೊಳಗೆ ಅಡಕವಾದರೆ ಅಲ್ಲಿಂದ ಬೆಳಕು ಹೊರಡಲಾರದೆಂಬುದು ಅದರಿಂದ ಸಿದ್ಧವಾಗುತ್ತದೆ. ಆದರೆ ಪ್ರಕೃತಿಯಲ್ಲಿ ಹಾಗೆ ಅಡಕವಾಗುವ ಸಂದರ್ಭವುಂಟೆ ಎಂಬುದು ಬೇರೆ ಪ್ರಶ್ನೆ. ೧೯೩೦ರಲ್ಲಿ ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರರು ಪ್ರಯಾಣಕಾಲದಲ್ಲಿ ಇದಕ್ಕೆ ಸಂಬಂಧಿಸಿದ ಗಣನೆಯನ್ನು ಮಾಡಿದರು. ಇಂಧನವು ತೀರಿಹೋದ ನಕ್ಷತ್ರದ ದ್ರವ್ಯವು ಸೂರ್ಯನ ದ್ರವ್ಯದ ಸುಮಾರು ೧.೪ ಪಾಲನ್ನು ಮೀರಿದರೆ ಅದು ಶ್ವೇತಕುಬ್ಜವಾಗಿ ನಿಲ್ಲಲಾರದೆಂಬುದೇ ಅವರ ನಿರ್ಣಯ. ೧೯೩೫ರ ಜನವರಿಯಲ್ಲಿ ಲಂಡನ್ನಿನ ಖಗೋಲಸಂಘದ ಸಭೆಯಲ್ಲಿ ಸರ್ ಆರ್ಥರ್ ಎಡಿಂಗ್‌ಟನ್ನರು ಇದನ್ನು ಖಂಡಿಸಿ, ನಕ್ಷತ್ರವು ಇಷ್ಟು ಅಸಂಬದ್ಧವಾಗಿ ವರ್ತಿಸದಂತೆ ತಡೆಯುವ ಪ್ರಕೃತಿನಿಯಮವೊಂದು ಇರಲೇಬೇಕೆಂದು ವಾದಿಸಿದರು. ವಾದಿಯ ಮಹತ್ತ್ವದಿಂದ ವಾದವು ಗೆದ್ದಂತಾಯಿತೇ ಹೊರತು ಯುಕ್ತಿಯಿಂದಲ್ಲ. ಆಪ್ತವಾಕ್ಯವೆಂದು ಭಾವಿಸಿದ ಮಾತು ಕೆಲಕಾಲ ಶೋಧನೆಗೆ ಅಡ್ಡಿಯಾಗಬಹುದೆಂಬುದಕ್ಕೆ ಇದು ನಿದರ್ಶನ. ೧೯೩೯ರಲ್ಲಿ ಒಪೆನ್‌ಹೈಮರ್ ಮತ್ತು ಸ್ನೈಡರ್ ಎಂಬವರು ನಕ್ಷತ್ರವೊಂದು ತಡೆಯಿಲ್ಲದೆ ಕುಸಿದು ಕಣ್ಮರೆಯಾಗುವ ಕ್ರಮವನ್ನು ಗಣಿತದಿಂದ ತೋರಿಸಿದರು. ಆದರೆ ಸಾಧ್ಯವೆಂಬುದು ಸಿದ್ಧವಾದ ಮಾತ್ರಕ್ಕೆ ಸತ್ತೆಯು ಸಿದ್ಧವಾಗುವುದಿಲ್ಲ. ಮುಂದಿನ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ವಿಷಯವು ಗ್ರಂಥಗಳಲ್ಲಿಯೇ ಉಳಿಯಿತು.

ಹೆಸರಿನ ವಿಷಯವಾಗಿ ಒಂದು ಮಾತು. ಆಂಗ್ಲಭಾಷೆಯ ಮೂಲಪದವು ೧೯೬೪ರಲ್ಲಿಯೇ ಅಚ್ಚಿನಲ್ಲಿ ಕಂಡುಬಂದರೂ ೧೯೬೭ರಲ್ಲಿ ಜಾನ್ ವೀಲರ್ ಅದನ್ನು ಬಳಸಿದ ಮೇಲೆ ಪ್ರಚಾರಕ್ಕೆ ಬಂದಿತು. ಕನ್ನಡದ ಕೃಷ್ಣವಿವರ, ಕಪ್ಪುಕುಳಿ, ಕಪ್ಪುರಂಧ್ರ ಎಂಬವು ಅದರ ಅನುವಾದಗಳು. ವಿವರವೆಂದರೆ ಬಿಲ, ತೂತು. ಆದರೆ ಈ ವಸ್ತುವು ಬರಿಯ ತೆರಪಲ್ಲ, ದ್ರವ್ಯದ ಅತ್ಯಂತ ಸಾಂದ್ರವಾದ ಪರಿಣಾಮ. ಆದುದರಿಂದ ಹೆಸರನ್ನು ರೂಢಿಯೆಂದು ಗ್ರಹಿಸಬೇಕಲ್ಲದೆ ಯೌಗಿಕಾರ್ಥವನ್ನು ಹಿಡಿದು ಎಳೆಯಬಾರದು.

೩

ಬೆಳಕನ್ನು ಬಿಡದ ವಸ್ತುವನ್ನು ಬೆಳಕಿನಿಂದ ಅರಿಯುವ ಬಗೆ ಹೇಗೆ? ಕೃಷ್ಣವಿವರವು ತಾನು ಬೆಳಗದಿದ್ದರೂ ಅದರೊಳಕ್ಕೆ ಬೀಳುವ ಅನಿಲವು ಬೀಳುವುದಕ್ಕೆ ಮೊದಲು ಸುಳಿಯಂತೆ ಸುತ್ತಿ, ಒಂದು ಬಿಲ್ಲೆಯ ಆಕಾರವನ್ನು ತಾಳಿ, ಪರಸ್ಪರ ಘರ್ಷಣೆಯಿಂದ ಲಕ್ಷಾಂತರ ಡಿಗ್ರಿಗಳಷ್ಟು ಕಾಯುತ್ತದೆ. ನಕ್ಷತ್ರಗಳೊಳಗೆ ಜಲಜನಕವು ಉರಿಯುವಾಗ ಅದರ ದ್ರವ್ಯದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆಯು ಶಕ್ತಿಯಾಗಿ ಮಾರ್ಪಡುವುದು. ಕೃಷ್ಣವಿವರದೊಳಕ್ಕೆ ಬೀಳುವ ದ್ರವ್ಯದಲ್ಲಿ ನೂರಕ್ಕೆ ಆರು ಪಾಲಿನಿಂದ ನಲವತ್ತಕ್ಕೂ ಮಿಕ್ಕ ಪಾಲಿನವರೆಗೆ ಶಕ್ತಿಯಾಗಬಲ್ಲುದು. ಅಷ್ಟು ಕಾದ ಅನಿಲವು ಕಣ್ಣಿಗೆ ಕಾಣುವ ಬೆಳಕಿಗಿಂತ ಹೆಚ್ಚಾಗಿ ಕ್ಷಕಿರಣಗಳನ್ನು ಸೂಸುವುದು. ಈ ಕ್ಷಕಿರಣವೇ ಇಲ್ಲಿ ಹೊಗೆಯ ಸ್ಥಾನದಲ್ಲಿರುವ ಲಿಂಗ.

ಆದರೆ ಕ್ಷಕಿರಣಗಳು ಭೂಮಿಯ ವಾಯುಮಂಡಲವನ್ನು ದಾಟಿ ನೆಲಕ್ಕೆ ಇಳಿಯಲಾರವು. ಪ್ರಾಣಿಗಳ ಕ್ಷೇಮಕ್ಕೆ ಕಾರಣವಾದ ಈ ತಡೆಯೇ ಖಗೋಲಜ್ಞರಿಗೆ ಅಡ್ಡಿಯಾಯಿತು. ಉಪಕರಣವನ್ನು ವಾಯುಮಂಡಲದ ಮೇಲಕ್ಕೆ ಒಯ್ಯುವ ರಾಕೆಟ್ಟುಗಳು ದೊರೆತ ಮೇಲೆ, ೧೯೪೯ರಲ್ಲಿ, ಹರ್ಬರ್ಟ್ ಫ್ರೀಡ್‌ಮನ್ನರ ತಂಡವು ಸೂರ್ಯನಿಂದ ಬರುವ ಕ್ಷಕಿರಣಗಳನ್ನು ಅಳೆಯಿತು. ಸೂರ್ಯನನ್ನು ಮಾದರಿಯಾಗಿಟ್ಟು ಲೆಕ್ಕ ಹಾಕಿದರೆ ದೂರದ ನಕ್ಷತ್ರಗಳ ಕ್ಷಕಿರಣಗಳು ಆಗಿನ ಯಾವ ಉಪಕರಣಕ್ಕೂ ಗೋಚರವಾಗದಷ್ಟು ಕ್ಷೀಣವಾಗಿರತಕ್ಕುವು. ಆದುದರಿಂದ ಅನೇಕರು ಈ ಪ್ರಯತ್ನವನ್ನು ನಿಷ್ಫಲವೆಂದೇ ಎಣಿಸಿದ್ದರು.

೧೯೬೨ನೆಯ ಇಸವಿ ಜೂನ್ ೧೮ರ ರಾತ್ರಿಯಲ್ಲಿ ಅಮೆರಿಕಾದ ನ್ಯೂ ಮೆಕ್ಸಿಕೋ ಸೀಮೆಯ ವೈಟ್ ಸ್ಯಾಂಡ್ಸ್ ಎಂಬಲ್ಲಿಂದ ಒಂದು ರಾಕೆಟ್ಟನ್ನು ಹಾರಿಸಲಾಯಿತು. ಇದರ ಪ್ರಯೋಜಕರು ಬ್ರೂನೋ ರೊಸ್ಸಿ, ರಿಕಾರ್ಡೋ ಜಿಯಕೋನಿ, ಹರ್ಬರ್ಟ್ ಗರ್ಸ್ಕಿ, ಫ್ರಾಂಕ್ ಪಾವೊಲಿನಿ ಎಂಬವರು. ಸೂರ್ಯಕಿರಣಗಳ ತಾಡನದಿಂದ ಚಂದ್ರನ ಮೇಲ್ಮೈಯಲ್ಲಿ ಕ್ಷಕಿರಣಗಳು ಹುಟ್ಟುವುವೇ ಎಂದು ನೋಡುವುದು ಪ್ರಯೋಗದ ಉದ್ದೇಶಗಳಲ್ಲಿ ಒಂದಾಗಿದ್ದಿತು. ವಾಯುಮಂಡಲದ ಮೇಲೆ ದೊರೆತ ಕಾಲವು ಆರು ನಿಮಿಷಕ್ಕಿಂತ ಕಡಿಮೆ. ಅಷ್ಟರಲ್ಲಿ ಚಂದ್ರನ ಕಡೆಯಿಂದಲ್ಲ, ವೃಶ್ಚಿಕರಾಶಿಯ ಕಡೆಯಿಂದ ಪ್ರಬಲವಾದ ಕ್ಷಕಿರಣಗಳು ಬರುತ್ತಿರುವುದು ಕಂಡುಬಂದಿತು. ಆ ಮೂಲಕ್ಕೆ ಸ್ಕಾರ್ಪಿಯಸ್ ಎಕ್ಸ್-೧ ಎಂಬ ಹೆಸರಾಯಿತು. ಸೂರ್ಯನ ಮಾದರಿಗೆ ಒಳಪಡದ ನಕ್ಷತ್ರಗಳು ಉಂಟೆಂಬುದು ಅಂದಿನಿಂದ ನಿರ್ವಿವಾದವಾಯಿತು. ಈ ಮಾರ್ಗವನ್ನು ತೆರೆದುದಕ್ಕಾಗಿ ಜಿಯಕೋನಿಯವರಿಗೆ ೨೦೦೨ರಲ್ಲಿ ನೊಬೆಲ್ ಪಾರಿತೋಷಿಕವು ದೊರೆಯಿತು.

೪

೧೯೬೪ರಲ್ಲಿ ಹಾರಿಸಿದ ಮತ್ತೊಂದು ರಾಕೆಟ್ಟಿನಿಂದ ರಾಜಹಂಸವೆಂಬ ನಕ್ಷತ್ರಪುಂಜದಲ್ಲಿ ಒಂದು ಕ್ಷಕಿರಣಮೂಲವು ತಿಳಿದುಬಂದಿತು. ಇದೇ ಸಿಗ್ನಸ್ ಎಕ್ಸ್-೧. ಕೃಷ್ಣವಿವರದ ವಾದಕ್ಕೆ ಮೊದಲನೆಯ ಪಕ್ಷವಾಗಿ ನಿಂತುದು ಈ ವಸ್ತುವೇ.

ರಾಕೆಟ್ಟಿನ ದರ್ಶನವು ಕ್ಷಣಿಕವಾದುದು. ದೀರ್ಘಕಾಲ ನೋಡತಕ್ಕ ಉಪಗ್ರಹವು ಬೇಕಾಯಿತು. ಜಿಯಕೋನಿಯವರ ತಂಡವು ಸಿದ್ಧಪಡಿಸಿದ ಮೊದಲನೆಯ ಕ್ಷಕಿರಣೋಪಗ್ರಹವನ್ನು ೧೯೭೦ನೆಯ ಇಸವಿ ಡಿಸೆಂಬರ್ ೧೨ರಂದು ಕೀನ್ಯಾದೇಶದ ಕಡಲ ತೀರಕ್ಕೆ ಸಮೀಪವಾದ ಸ್ಯಾನ್ ಮಾರ್ಕೋ ವೇದಿಕೆಯಿಂದ ಹಾರಿಸಿದರು. ಅಂದು ಆ ದೇಶದ ಸ್ವಾತಂತ್ರ್ಯದಿನವಾದುದರಿಂದ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂಬ ಅರ್ಥವುಳ್ಳ ಉಹುರು ಎಂಬ ಹೆಸರನ್ನು ಅದಕ್ಕಿಟ್ಟರು. ಸಿಗ್ನಸ್ ಎಕ್ಸ್-೧ರ ಕ್ಷಕಿರಣಗಳು ಒಂದು ಸೆಕೆಂಡಿಗಿಂತಲೂ ಕಡಿಮೆಯ ಅವಧಿಯಲ್ಲಿ ಏರಿಳಿಯುವುದನ್ನು ಉಹುರು ಕಂಡುಹಿಡಿಯಿತು. ಬೆಳಕು ಒಂದು ಕಾಯದ ಈ ತುದಿಯಿಂದ ಆ ತುದಿಗೆ ಹೋಗಲು ಬೇಕಾಗುವ ಕಾಲಕ್ಕಿಂತ ಕಡಿಮೆ ಕಾಲದಲ್ಲಿ ಆ ಕಾಯವು ಸಮಗ್ರವಾಗಿ ಬದಲಾಗಲಾರದು. ಆದುದರಿಂದ ಕ್ಷಕಿರಣಗಳು ಹೊರಡುವ ಪ್ರದೇಶವು ಸಾಮಾನ್ಯ ನಕ್ಷತ್ರಕ್ಕಿಂತ ಬಹಳ ಚಿಕ್ಕದೆಂದು ತಿಳಿಯಿತು.

ಆದರೆ ಆ ಮೂಲವು ಆಕಾಶದಲ್ಲಿ ಸರಿಯಾಗಿ ಎಲ್ಲಿದೆಯೆಂಬುದು ಸಂದಿಗ್ಧವಾಗಿದ್ದಿತು. ೧೯೭೧ರ ವಸಂತದಲ್ಲಿ ಅದೇ ಪ್ರದೇಶದಲ್ಲಿ ಮೊದಲು ಇಲ್ಲದ ಒಂದು ರೇಡಿಯೋ ಮೂಲವು ಕಾಣಿಸಿಕೊಂಡಿತು. ಅದೇ ಕಾಲದಲ್ಲಿ ಸಿಗ್ನಸ್ ಎಕ್ಸ್-೧ರ ಕ್ಷಕಿರಣಗಳ ಸ್ಥಿತಿಯೂ ಬದಲಾಯಿಸಿತು. ಎರಡು ವಿಕಾರಗಳು ಏಕಕಾಲದಲ್ಲಿ ತೋರಿದುದರಿಂದ ಎರಡರ ಆಶ್ರಯವೂ ಒಂದೇ ಎಂದು ನಿಶ್ಚಯಿಸಿದರು. ರೇಡಿಯೋ ಮೂಲದ ಸ್ಥಾನವು ಸೂಕ್ಷ್ಮವಾಗಿ ಗೊತ್ತಿದ್ದಿತು. ಅಲ್ಲಿ ಎಚ್‌ಡಿಇ ೨೨೬೮೬೮ ಎಂಬ ಸಂಖ್ಯೆಯ ನೀಲಿಬಣ್ಣದ ಮಹಾನಕ್ಷತ್ರವಿದ್ದಿತು. ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್ ಎಂಬವರೂ ಕೆನಡಾದೇಶದ ಟೊರಾಂಟೋ ಬಳಿಯ ಡೇವಿಡ್ ಡನ್‌ಲಪ್ ವೇಧಶಾಲೆಯ ಟಾಮ್ ಬೋಲ್ಟನ್ ಎಂಬವರೂ ಬೇರೆಬೇರೆಯಾಗಿ ನೋಡಿ, ಆ ನಕ್ಷತ್ರವು ಕಾಣದ ಸಂಗಾತಿಯೊಂದರ ಜತೆಯಲ್ಲಿ ೫.೬ ದಿನಗಳಿಗೊಮ್ಮೆ ಸುತ್ತುತ್ತಿರುವುದೆಂದು ೧೯೭೨ರಲ್ಲಿ ಪ್ರಕಟಿಸಿದರು. ಜಾನ್ ಮಿಷೆಲನ ಸೂಚನೆಯು ಹೀಗೆ ಕಾರ್ಯರೂಪಕ್ಕೆ ಬಂದಿತು.

ಇಲ್ಲಿಯ ಅನುಮಾನವನ್ನು ನೈಯಾಯಿಕರ ಪರಿಭಾಷೆಯಲ್ಲಿ ಪರಿಶೇಷಾನುಮಾನವೆನ್ನಬೇಕು. ವಾತ್ಸ್ಯಾಯನನು ಶೇಷವತ್ ಎಂಬುದಕ್ಕೆ ಹೇಳಿದ ಎರಡು ವ್ಯಾಖ್ಯಾನಗಳಲ್ಲಿ ಒಂದು ಇದು: ಪ್ರಸಕ್ತವಾದ ಪಕ್ಷಗಳನ್ನೆಲ್ಲ ಒಂದೊಂದಾಗಿ ನಿಷೇಧಿಸಿ ಉಳಿದುದನ್ನು ಅಂಗೀಕರಿಸುವುದು. ಕಾಣದ ಸಂಗಾತಿಯು ಸಾಮಾನ್ಯ ನಕ್ಷತ್ರವಲ್ಲ, ಏಕೆಂದರೆ ಅಷ್ಟು ಭಾರವುಳ್ಳದಾದರೆ ಅದರ ಬೆಳಕು ಕಾಣತಕ್ಕುದು, ಅಲ್ಲದೆ ಕ್ಷಕಿರಣಗಳ ಶೀಘ್ರವಿಕಾರವು ಅದರಲ್ಲಿ ಕೂಡುವುದಿಲ್ಲ. ಶ್ವೇತಕುಬ್ಜವಲ್ಲ, ಏಕೆಂದರೆ ದ್ರವ್ಯವು ಚಂದ್ರಶೇಖರರ ಮಿತಿಯನ್ನು ಮೀರಿದೆ. ನ್ಯೂಟ್ರಾನ್ ನಕ್ಷತ್ರವೂ ಅಲ್ಲ, ಏಕೆಂದರೆ ಅದಕ್ಕೂ ಸೂರ್ಯದ್ರವ್ಯದ ಸುಮಾರು ೩ ಪಾಲಿನ ಮಿತಿಯುಂಟು. ಪರಿಶೇಷದಿಂದ ಅದು ಕೃಷ್ಣವಿವರವೆಂದಾಯಿತು.

೫

ಈ ಅನುಮಾನವು ನಿರ್ದುಷ್ಟವೇ? ಇದರಲ್ಲಿ ಎರಡು ಹೇತುಗಳು ಅಡಗಿವೆ: ಶೀಘ್ರವಿಕಾರವೊಂದು, ದ್ರವ್ಯಾಧಿಕ್ಯವೊಂದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕುದು.

ಶೀಘ್ರವಾಗಿಯೂ ಅನಿಯತವಾಗಿಯೂ ಏರಿಳಿಯುವುದೇ ಕೃಷ್ಣವಿವರದ ಗುರುತೆಂದು ೧೯೭೦ರ ದಶಕದಲ್ಲಿ ಅನೇಕರು ನಂಬಿದ್ದರು. ದಕ್ಷಿಣಾಕಾಶದ ಸರ್ಸಿನಸ್ ಎಕ್ಸ್-೧ ಎಂಬ ಮೂಲವು ಸಿಗ್ನಸ್ ಎಕ್ಸ್-೧ರಂತೆಯೇ ವರ್ತಿಸುತ್ತಿದ್ದುದರಿಂದ ಅದೂ ಕೃಷ್ಣವಿವರವಾಗಿರಬಹುದೆಂದು ಎಣಿಸಿದರು. ಆದರೆ ಎಕ್ಸೋಸ್ಯಾಟ್ ಎಂಬ ಯೂರೋಪಿನ ಉಪಗ್ರಹವು ಆ ಮೂಲದಲ್ಲಿ ಕ್ಷಕಿರಣಗಳ ಸ್ಫೋಟಗಳನ್ನು ಕಂಡಿತು. ಈ ವಾರ್ತೆಯು ೧೯೮೬ರಲ್ಲಿ ಪ್ರಕಟವಾಯಿತು. ಗಟ್ಟಿಯಾದ ಮೇಲ್ಮೈಯ ಮೇಲೆ ಸಂಚಿತವಾದ ಅನಿಲವು ಒಮ್ಮೆಲೆ ಹತ್ತಿಕೊಂಡು ಉರಿಯುವುದರಿಂದ ಇಂಥ ಸ್ಫೋಟಗಳಾಗುವುವು. ಕೃಷ್ಣವಿವರಕ್ಕೆ ಮೇಲ್ಮೈಯೇ ಇಲ್ಲ. ಆದುದರಿಂದ ಅದು ನ್ಯೂಟ್ರಾನ್ ನಕ್ಷತ್ರವೆಂದು ನಿರ್ಣಯವಾಯಿತು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಇರುವ ಹೇತುವು ಸವ್ಯಭಿಚಾರವೆನಿಸುವುದು. ಶೀಘ್ರವಿಕಾರವೆಂಬ ಹೇತುವು ಹೀಗೆ ಹೇತ್ವಾಭಾಸಗಳ ಪಂಕ್ತಿಗೆ ಸೇರಿತು. ವಿಜ್ಞಾನಿಗಳು ಅದನ್ನು ಮರೆಮಾಚದೆ ಒಪ್ಪಿಕೊಂಡುದು ಅವರ ಶಾಸ್ತ್ರಕ್ಕೆ ಶೋಭೆಯಾಗಿದೆ.

ದ್ರವ್ಯಾಧಿಕ್ಯವೆಂಬ ಹೇತುವು ಇದಕ್ಕಿಂತ ಬಲವಾದುದು. ಆದರೆ ಸಿಗ್ನಸ್ ಎಕ್ಸ್-೧ರಲ್ಲಿ ಕಾಣದ ಸಂಗಾತಿಯ ದ್ರವ್ಯವನ್ನು ತಿಳಿಯಲು ಕಾಣುವ ನಕ್ಷತ್ರದ ದ್ರವ್ಯವು ಮೊದಲು ತಿಳಿಯಬೇಕು. ಅದು ತಿಳಿಯಲು ಅದರ ದೂರವು ತಿಳಿಯಬೇಕು. ಆ ನಕ್ಷತ್ರವು ಎಣಿಸಿದುದಕ್ಕಿಂತ ಹತ್ತಿರದಲ್ಲಿರುವ ಸಣ್ಣ ನಕ್ಷತ್ರವಾಗಿರಬಾರದೇಕೆ ಎಂದು ಪ್ರತಿವಾದಿಗಳು ಕೇಳಿದರು. ಈ ಸಂಶಯವು ನಿರಾಧಾರವಲ್ಲವೆಂಬುದಕ್ಕೆ ಅನಂತರದ ಅಳತೆಗಳೇ ಸಾಕ್ಷಿ. ಆ ಕೃಷ್ಣವಿವರದ ದ್ರವ್ಯವು ೨೦೧೧ರ ಅಳತೆಯಂತೆ ಸೂರ್ಯನ ಸುಮಾರು ೧೫ ಪಾಲು. ೨೦೨೧ರಲ್ಲಿ ದೂರವನ್ನು ಇನ್ನೂ ಸೂಕ್ಷ್ಮವಾಗಿ ಅಳೆದು ಅದು ಸುಮಾರು ೭,೨೦೦ ಜ್ಯೋತಿರ್ವರ್ಷಗಳೆಂದು ಕಂಡುಕೊಂಡಾಗ ಅದೇ ದ್ರವ್ಯವು ೨೧ ಪಾಲಾಯಿತು. ಹೇತುವು ತಪ್ಪಲ್ಲದಿದ್ದರೂ ದೂರಜ್ಞಾನವೆಂಬ ಮತ್ತೊಂದನ್ನು ಅವಲಂಬಿಸಿದ್ದಿತು. ಸ್ಟೀಫನ್ ಹಾಕಿಂಗರು ೧೯೭೪ರಲ್ಲಿ ಕಿಪ್ ಥಾರ್ನರೊಡನೆ ಇದು ಕೃಷ್ಣವಿವರವಲ್ಲವೆಂದು ಪಣವನ್ನೊಡ್ಡಿ, ೧೯೯೦ರಲ್ಲಿ ಸೋಲನ್ನೊಪ್ಪಿದ ಕಥೆಯು ಪ್ರಸಿದ್ಧವಾಗಿದೆ. ತಮ್ಮ ಜೀವಿತದ ಶ್ರಮವೆಲ್ಲ ಕೃಷ್ಣವಿವರಗಳ ಮೇಲೆಯೇ ನಿಂತಿದ್ದವರು ಹದಿನಾರು ವರ್ಷ ಪ್ರತಿಪಕ್ಷದಲ್ಲಿ ನಿಂತುದು ವಿನೋದವಾದರೂ, ಪ್ರಮಾಣವು ಆಗ ಎಷ್ಟು ಅಪೂರ್ಣವಾಗಿದ್ದಿತೆಂಬುದನ್ನು ತೋರಿಸುತ್ತದೆ.

ಈ ಪರಾಧೀನತೆಯಿಲ್ಲದ ಪಕ್ಷವು ೧೯೮೯ರಲ್ಲಿ ದೊರೆಯಿತು. ಆ ವರ್ಷದ ಮೇ ತಿಂಗಳಲ್ಲಿ ಜಪಾನಿನ ಗಿಂಗಾ ಉಪಗ್ರಹವು ರಾಜಹಂಸಪುಂಜದಲ್ಲಿಯೇ ಒಂದು ಹೊಸ ಕ್ಷಕಿರಣಜ್ವಾಲೆಯನ್ನು ಕಂಡಿತು. ೧೯೩೮ರಲ್ಲಿ ನವ್ಯತಾರೆಯಾಗಿ ಕಾಣಿಸಿಕೊಂಡು ವಿ ೪೦೪ ಸಿಗ್ನಿ ಎಂಬ ಹೆಸರನ್ನು ಪಡೆದಿದ್ದ ನಕ್ಷತ್ರವೇ ಅದು. ಜ್ವಾಲೆಯು ಆರಿದ ಮೇಲೆ ಕಸಾರೆಸ್, ಚಾರ್ಲ್ಸ್, ನೇಲರ್ ಎಂಬ ಮೂವರು ಅಲ್ಲಿಯ ಸಣ್ಣ ನಕ್ಷತ್ರದ ವೇಗವನ್ನೂ ಸುಮಾರು ಆರೂವರೆ ದಿನಗಳ ಪರಿಭ್ರಮಣಕಾಲವನ್ನೂ ಅಳೆದು ೧೯೯೨ರಲ್ಲಿ ಪ್ರಕಟಿಸಿದರು. ಈ ಎರಡು ಅಳತೆಗಳಿಂದಲೇ, ಸಂಗಾತಿಯ ದ್ರವ್ಯ ದೂರಗಳ ಯಾವ ಊಹೆಯೂ ಇಲ್ಲದೆ, ಕಾಣದ ಕಾಯದ ದ್ರವ್ಯವು ಸೂರ್ಯನ ೬ ಪಾಲಿಗಿಂತ ಕಡಿಮೆಯಾಗಲಾರದೆಂದು ಸಿದ್ಧವಾಯಿತು. ನ್ಯೂಟ್ರಾನ್ ನಕ್ಷತ್ರದ ಮಿತಿಯ ಎರಡರಷ್ಟು ಇದು. ಪ್ರತಿವಾದಿಗೆ ಇಲ್ಲಿ ಅವಕಾಶವೇ ಉಳಿಯಲಿಲ್ಲ.

೬

ಇನ್ನು ಗೆಲಾಕ್ಸಿಗಳ ವಿಚಾರ. ೧೯೧೮ರಲ್ಲಿ ಲಿಕ್ ವೇಧಶಾಲೆಯ ಹೀಬರ್ ಕರ್ಟಿಸನು ಕನ್ಯಾರಾಶಿಯ ಎಂ ೮೭ ಎಂಬ ಕಾಯದ ನಡುವಿನಿಂದ ನೇರವಾದ ಒಂದು ಕಿರಣರೇಖೆಯು ಹೊರಟಿರುವುದನ್ನು ಗುರುತಿಸಿದನು. ೧೯೪೩ರಲ್ಲಿ ಕಾರ್ಲ್ ಸೈಫರ್ಟನು ಕೆಲವು ಗೆಲಾಕ್ಸಿಗಳ ಕೇಂದ್ರವು ಅತ್ಯುಜ್ಜ್ವಲವಾಗಿದ್ದು ಅಲ್ಲಿಯ ಅನಿಲವು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಚಲಿಸುತ್ತಿರುವುದನ್ನು ತೋರಿಸಿದನು. ೧೯೬೩ರಲ್ಲಿ ಮಾರ್ಟೆನ್ ಸ್ಮಿಟ್ಟನು ನಕ್ಷತ್ರದಂತೆ ಕಾಣುತ್ತಿದ್ದ ೩ಸಿ ೨೭೩ ಎಂಬ ರೇಡಿಯೋ ಮೂಲವು ವಾಸ್ತವವಾಗಿ ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಮಿಕ್ಕ ದೂರದಲ್ಲಿದೆಯೆಂದು ಕಂಡುಹಿಡಿದನು. ಅಷ್ಟು ದೂರದಿಂದ ಅಷ್ಟು ಪ್ರಕಾಶವಾಗಿ ಕಾಣಬೇಕಾದರೆ ಅದು ಇಡೀ ಗೆಲಾಕ್ಸಿಯನ್ನು ಮೀರಿಸಿ ಬೆಳಗಬೇಕು. ಈ ಶಕ್ತಿಗೆ ಕೃಷ್ಣವಿವರದೊಳಕ್ಕೆ ಬೀಳುವ ದ್ರವ್ಯವೇ ಮೂಲವೆಂದು ಸಾಲ್ಪೀಟರ್ ಮತ್ತು ಜೆಲ್ದೋವಿಚ್ ಎಂಬವರು ೧೯೬೪ರಲ್ಲಿಯೂ, ಗೆಲಾಕ್ಸಿಗಳ ನಡುವೆ ಇಂಥ ಮಹಾಕೃಷ್ಣವಿವರಗಳಿರತಕ್ಕುವೆಂದು ಲಿಂಡನ್-ಬೆಲ್ ಎಂಬವರು ೧೯೬೯ರಲ್ಲಿಯೂ ಹೇಳಿದರು.

ಇವುಗಳನ್ನು ಕ್ಷಕಿರಣಗಳಲ್ಲಿ ನೋಡಲು ಎಣಿಕೆಯ ಯಂತ್ರಗಳು ಸಾಲವು, ಬಿಂಬವನ್ನು ಕೊಡುವ ದೂರದರ್ಶಕವೇ ಬೇಕು. ಸಾಮಾನ್ಯದರ್ಪಣಕ್ಕೆ ನೇರಾಗಿ ಬಿದ್ದ ಕ್ಷಕಿರಣವು ಪ್ರತಿಫಲಿಸದೆ ಒಳಹೊಕ್ಕು ಹೋಗುವುದು. ಆದರೆ ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಬಿಲ್ಲೆಗಲ್ಲು ಮುಳುಗದೆ ಪುಟಿದುಹೋಗುವಂತೆ, ಅತ್ಯಂತ ಓರೆಯಾಗಿ ಬಿದ್ದ ಕ್ಷಕಿರಣವು ಪ್ರತಿಫಲಿಸುವುದು. ಜರ್ಮನಿಯ ಹಾನ್ಸ್ ವೋಲ್ಟರನು ೧೯೫೨ರಲ್ಲಿ ಹೇಳಿದ ಈ ತತ್ತ್ವದಂತೆ ಕಟ್ಟಿದ ಐನ್‌ಸ್ಟೈನ್ ವೇಧಶಾಲೆಯನ್ನು ೧೯೭೮ರ ನವೆಂಬರಿನಲ್ಲಿ ಅಂತರಿಕ್ಷಕ್ಕೆ ಕಳುಹಿಸಿದರು. ೧೯೯೯ರ ಜುಲೈ ತಿಂಗಳಲ್ಲಿ ಹೊರಟ ಇಂಥ ಮತ್ತೊಂದು ಮಹಾದೂರದರ್ಶಕಕ್ಕೆ, ಒಮ್ಮೆ ಸಭೆಯಲ್ಲಿ ಪರಿಹಾಸಕ್ಕೊಳಗಾಗಿದ್ದ ಚಂದ್ರಶೇಖರರ ಹೆಸರಿನಿಂದಲೇ ಚಂದ್ರ ಎಂದು ನಾಮಕರಣವಾದುದು ಕಾಲದ ನ್ಯಾಯವೆನ್ನಬಹುದು. ಈ ಯಂತ್ರಗಳಿಂದ, ಕ್ಷಕಿರಣಗಳನ್ನು ಸೂಸುವುದು ಸಕ್ರಿಯ ಗೆಲಾಕ್ಸಿಗಳ ಸಾಮಾನ್ಯಧರ್ಮವೆಂದು ತಿಳಿದುಬಂದಿತು.

ಜಪಾನಿನ ಆಸ್ಕಾ ಉಪಗ್ರಹದಿಂದ ದೊರೆತ ಒಂದು ಫಲವು ೧೯೯೫ರಲ್ಲಿ ಪ್ರಕಟವಾಯಿತು. ಕಬ್ಬಿಣದ ಅಣುಗಳು ೬.೪ ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಕ್ಷಕಿರಣರೇಖೆಯೊಂದನ್ನು ಸೂಸುವುವು. ಎಂಸಿಜಿ-೬-೩೦-೧೫ ಎಂಬ ಗೆಲಾಕ್ಸಿಯಲ್ಲಿ ಈ ರೇಖೆಯು ತೆಳ್ಳಗಿರದೆ ಕಡಿಮೆ ಶಕ್ತಿಯ ಕಡೆಗೆ ಉದ್ದವಾಗಿ ಹರಡಿದ್ದಿತು. ಬೆಳಕು ಬಲವಾದ ಗುರುತ್ವದಿಂದ ಹತ್ತಿ ಬರುವಾಗ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದೆಂಬ ಐನ್‌ಸ್ಟೈನನ ಸಿದ್ಧಾಂತಕ್ಕೆ ಇದು ಒಪ್ಪುತ್ತದೆ. ನಡುವೆ ಅಡ್ಡಲಾಗಿರುವ ಮೋಡಗಳು ಕಿರಣಗಳನ್ನು ಹೀರಿಯೂ ಇಂಥ ಆಕಾರವು ತೋರಬಹುದೆಂದು ಕೆಲವರು ಪೂರ್ವಪಕ್ಷವನ್ನು ಮಾಡಿದರು. ೨೦೧೨ರಲ್ಲಿ ಹೊರಟ ನೂಸ್ಟಾರ್ ಮತ್ತು ಯೂರೋಪಿನ ಎಕ್ಸ್‌ಎಂಎಂ-ನ್ಯೂಟನ್ ಇವೆರಡೂ ಒಟ್ಟಿಗೆ ಎನ್‌ಜಿಸಿ ೧೩೬೫ ಎಂಬ ಗೆಲಾಕ್ಸಿಯನ್ನು ನೋಡಿ ೨೦೧೩ರಲ್ಲಿ ಹೊರಬಂದ ಫಲವು ಗುರುತ್ವಪಕ್ಷಕ್ಕೆ ಬಲವನ್ನು ಕೊಟ್ಟಿತು.

ಗ್ಯಾಮಾ ಕಿರಣಗಳು ಇನ್ನೊಂದು ಸಮಸ್ಯೆಯನ್ನು ಒಡ್ಡಿದುವು. ೧೯೯೧ರಲ್ಲಿ ಹೊರಟ ಕಾಂಪ್ಟನ್ ವೇಧಶಾಲೆಯು ೩ಸಿ ೨೭೯ ಮೊದಲಾದ ಅನೇಕ ಗೆಲಾಕ್ಸಿಗಳು ಗ್ಯಾಮಾ ಕಿರಣಗಳಲ್ಲಿ ಪ್ರಜ್ವಲಿಸುವುದನ್ನು ತೋರಿಸಿತು. ಇದಕ್ಕೂ ಹೆಚ್ಚಿನ ಶಕ್ತಿಯ ಕಿರಣಗಳು ವಾಯುಮಂಡಲವನ್ನು ತಾಕಿದಾಗ ಕಣಗಳ ಮಳೆಯೊಂದು ಹುಟ್ಟಿ, ಅದರಿಂದ ಚೆರೆಂಕೊವ್ ಪ್ರಭೆಯೆಂಬ ನಸುನೀಲಿಯ ಮಿಂಚು ಸೆಕೆಂಡಿನ ಶತಕೋಟಿಯ ಕೆಲವೇ ಭಾಗಗಳ ಕಾಲ ನೆಲಕ್ಕೆ ಬೀಳುವುದು. ಈ ಮಿಂಚನ್ನು ಹಿಡಿದೇ ಅಮೆರಿಕಾದ ವಿಪ್ಪಲ್ ದೂರದರ್ಶಕವು ೧೯೯೨ರಲ್ಲಿ ಮಾರ್ಕರಿಯನ್ ೪೨೧ ಎಂಬ ಗೆಲಾಕ್ಸಿಯನ್ನು ಕಂಡಿತು. ೨೦೦೬ರ ಜುಲೈ ತಿಂಗಳಲ್ಲಿ ನಮೀಬಿಯಾದೇಶದ ಹೆಸ್ ದೂರದರ್ಶಕಗಳು ಪಿಕೆಎಸ್ ೨೧೫೫-೩೦೪ ಎಂಬುದನ್ನು ನೋಡುತ್ತಿರಲಾಗಿ ಅದರ ಪ್ರಭೆಯು ಎರಡು ಮೂರು ನಿಮಿಷಗಳಲ್ಲಿ ಏರಿಳಿಯಿತು. ಸೂರ್ಯನ ನೂರು ಕೋಟಿ ಪಾಲಿನ ದ್ರವ್ಯವುಳ್ಳ ಕೃಷ್ಣವಿವರವನ್ನು ಬೆಳಕು ದಾಟಲು ಗಂಟೆಗಳೇ ಬೇಕು. ಹೀಗಿರಲಾಗಿ ನಿಮಿಷಗಳ ವಿಕಾರವು ಹೇಗೆ ಕೂಡೀತು? ಈ ಪ್ರಭೆಯು ಭೂಮಿಯ ಕಡೆಗೆ ಬೆಳಕಿನ ವೇಗದ ಸಮೀಪದಲ್ಲಿ ಧಾವಿಸುವ ಧಾರೆಯಲ್ಲಿ ಹುಟ್ಟುವುದೆಂದು ಸಮಾಧಾನವನ್ನು ಹೇಳಿದರು. ಹಾಗೆ ಧಾವಿಸುವುದರ ವಿಕಾರಗಳು ನೋಡುವವನಿಗೆ ಶೀಘ್ರತರವಾಗಿ ತೋರುವುವು. ಕಾಲದಿಂದ ಗಾತ್ರವನ್ನು ಅಳೆಯುವ ಹೇತುವನ್ನು ಎಲ್ಲೆಡೆಯಲ್ಲಿಯೂ ವಿಚಾರಿಸದೆ ಪ್ರಯೋಗಿಸ ಕೂಡದೆಂಬುದು ಇಲ್ಲಿ ಮತ್ತೊಮ್ಮೆ ಸ್ಪಷ್ಟವಾಯಿತು.

೭

ಈ ಚರಿತ್ರೆಯಲ್ಲಿ ಕರ್ಣಾಟಕಕ್ಕೂ ಸ್ಥಾನವುಂಟು. ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾಗಿ, ೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ಸೋವಿಯೆತ್ ರಾಕೆಟ್ಟಿನಿಂದ ಮೇಲೇರಿದ ಆರ್ಯಭಟ ಉಪಗ್ರಹದಲ್ಲಿ ಕ್ಷಕಿರಣಗಳನ್ನು ಅಳೆಯುವ ಉಪಕರಣವಿದ್ದಿತು. ವಿದ್ಯುತ್ತಿನ ದೋಷದಿಂದ ಕೆಲವೇ ದಿನಗಳಲ್ಲಿ ವೈಜ್ಞಾನಿಕ ಪ್ರಯೋಗಗಳು ನಿಂತುವಾದರೂ, ಅಷ್ಟರೊಳಗೆ ಆ ಉಪಕರಣವು ಸಿಗ್ನಸ್ ಎಕ್ಸ್-೧ನ್ನು ನೋಡಿದ್ದಿತು. ನಲವತ್ತು ವರ್ಷಗಳ ಅನಂತರ, ೨೦೧೫ನೆಯ ಇಸವಿ ಸೆಪ್ಟೆಂಬರ್ ೨೮ರಂದು, ಶ್ರೀಹರಿಕೋಟೆಯಿಂದ ಆಸ್ಟ್ರೋಸ್ಯಾಟ್ ಹೊರಟಿತು. ನೇರಳಾತೀತ ಕಿರಣಗಳಿಂದ ಮೊದಲುಗೊಂಡು ಕಠಿನಕ್ಷಕಿರಣಗಳವರೆಗೆ ಒಂದೇ ವಸ್ತುವನ್ನು ಏಕಕಾಲದಲ್ಲಿ ನೋಡಬಲ್ಲುದಾಗಿರುವುದು ಅದರ ವಿಶೇಷ. ಅದರ ಸಂಗ್ರಹಗಳು ಬೆಂಗಳೂರಿನ ಬಳಿಯ ಬ್ಯಾಲಾಳಿಗೆ ಬಂದು ಸೇರುವುವು. ೨೦೨೪ನೆಯ ಇಸವಿ ಜನವರಿ ೧ರಂದು ಹಾರಿದ ಎಕ್ಸ್‌ಪೋಸ್ಯಾಟಿನ ಪೋಲಿಕ್ಸ್ ಎಂಬ ಉಪಕರಣವನ್ನು ನಿರ್ಮಿಸಿದವರು ಬೆಂಗಳೂರಿನ ರಾಮನ್ ಸಂಶೋಧನಸಂಸ್ಥೆಯವರು. ಕ್ಷಕಿರಣಗಳ ಕಂಪನವು ಯಾವ ದಿಕ್ಕಿನಲ್ಲಿರುವುದೆಂಬುದನ್ನು ಅದು ಅಳೆಯತಕ್ಕುದು. ಲಡಾಖಿನ ಹಾನ್ಲೆಯಲ್ಲಿ ಸುಮಾರು ೪,೩೦೦ ಮೀಟರು ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಗೋಲಭೌತಸಂಸ್ಥೆಯೂ ಮುಂಬಯಿಯ ಟಾಟಾ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಹಗಾರ್ ಎಂಬ ಏಳು ದೂರದರ್ಶಕಗಳ ಸಮೂಹವು ೨೦೧೦ರ ಫೆಬ್ರವರಿಯಲ್ಲಿ ಮಾರ್ಕರಿಯನ್ ೪೨೧ರ ಮಹಾಜ್ವಾಲೆಯನ್ನು ನೋಡಿತು. ಅದೇ ಹಾನ್ಲೆಯಲ್ಲಿ ೨೧ ಮೀಟರು ವ್ಯಾಸದ ಮೇಸ್ ದೂರದರ್ಶಕವು ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟಿತವಾಯಿತು.

೮

೨೦೧೯ನೆಯ ಇಸವಿ ಏಪ್ರಿಲ್ ೧೦ರಂದು ಪ್ರಕಟವಾದ ಚಿತ್ರವು ಲೋಕಪ್ರಸಿದ್ಧವಾಗಿದೆ. ಕರ್ಟಿಸನು ಕಿರಣರೇಖೆಯನ್ನು ಕಂಡಿದ್ದ ಎಂ ೮೭ರ ನಡುವಿನಲ್ಲಿ, ಸೂರ್ಯನ ೬೫೦ ಕೋಟಿ ಪಾಲಿನ ದ್ರವ್ಯವುಳ್ಳ ಕೃಷ್ಣವಿವರದ ಸುತ್ತ ಬೆಳಗುವ ಉಂಗುರವೂ ಅದರೊಳಗಣ ನೆರಳೂ ಅದರಲ್ಲಿ ಕಾಣುವುವು. ಇದು ರೇಡಿಯೋ ದೂರದರ್ಶಕಗಳಿಂದಾದ ಕಾರ್ಯ. ಇನ್ನೇನು, ಪ್ರತ್ಯಕ್ಷವೇ ಆಯಿತಲ್ಲ ಎಂದರೆ, ಹಾಗಲ್ಲ. ಕಂಡುದು ಸುತ್ತಣ ಪ್ರಭೆ. ವಿವರವು ಪ್ರಭೆಯ ಅಭಾವವಾಗಿ ತೋರಿತು. ಹಾಗಾದರೆ ಅಭಾವದಿಂದ ವಸ್ತುಸ್ವರೂಪವು ಸಿದ್ಧಿಸುವುದೇ ಎಂಬ ಪ್ರಶ್ನೆ ಉಳಿಯುತ್ತದೆ.

ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕಪ್ರಮಾಣವೆಂದು ಒಪ್ಪಿದರು. ಆದರೆ ಕಾಣದಿರುವುದೆಲ್ಲ ಇಲ್ಲವೆಂದು ಅವರು ಹೇಳಲಿಲ್ಲ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದಾಗದು; ದೀಪವಿದ್ದು, ಇದ್ದರೆ ಕಾಣಲೇಬೇಕಾಗಿದ್ದುದು ಕಾಣದಿದ್ದರೆ ಮಾತ್ರ ಅದರ ಅಭಾವವು ನಿಶ್ಚಿತವಾಗುವುದು. ಯೋಗ್ಯಾನುಪಲಬ್ಧಿಯೆಂಬ ಈ ನಿಯಮವನ್ನು ಖಗೋಲಜ್ಞರು ಅರಿಯದೆಯೇ ಅನುಸರಿಸಿರುವರು. ನ್ಯೂಟ್ರಾನ್ ನಕ್ಷತ್ರದ ಮೇಲ್ಮೈಯಲ್ಲಿ ಅನಿಲವು ಸಂಚಿತವಾದರೆ ಸ್ಫೋಟಗಳು ಆಗುವುವು; ದ್ರವ್ಯಾಧಿಕ್ಯದಿಂದ ಕೃಷ್ಣವಿವರವೆಂದು ನಿರ್ಣಯವಾದ ಕಾಯಗಳಲ್ಲಿ ಅಂಥ ಸ್ಫೋಟವು ಕಂಡುಬಂದಿಲ್ಲ. ಅನಿಲವು ಮೆಲ್ಲಮೆಲ್ಲನೆ ಬೀಳುವ ಶಾಂತಕಾಲದಲ್ಲಿ, ಮೇಲ್ಮೈಯುಳ್ಳ ನಕ್ಷತ್ರಗಳಿಗಿಂತ ಇವು ಬಹಳ ಮಸುಕಾಗಿರುವುವೆಂದು ರಮೇಶ ನಾರಾಯಣ್, ಗಾರ್ಸಿಯಾ, ಮೆಕ್‌ಕ್ಲಿಂಟಾಕ್ ಎಂಬವರು ೧೯೯೭ರಲ್ಲಿ ತೋರಿಸಿದರು. ಮೇಲ್ಮೈಯಿದ್ದರೆ ಬಿದ್ದ ಶಕ್ತಿಯು ಹೊರಹೊಮ್ಮಬೇಕು. ಇಲ್ಲಿ ಶಕ್ತಿಯು ಅನಿಲದೊಡನೆಯೇ ಒಳಗೆ ಹೋಗಿ ಮರೆಯಾಗುವಂತೆ ತೋರುವುದು. ದೀಪವುಂಟು, ನೋಡುವ ಕಣ್ಣುಂಟು, ಕಾಣಬೇಕಾದುದು ಕಾಣುವುದಿಲ್ಲ. ಆದುದರಿಂದ ಮೇಲ್ಮೈಯಿಲ್ಲವೆಂದು ಹೇಳಲು ಆಧಾರವುಂಟು. ಆದರೂ ಇದು ಕೃಷ್ಣವಿವರದ ಎಲ್ಲೆಯನ್ನು ಸೂಚಿಸುವ ಪ್ರಬಲಯುಕ್ತಿಯೇ ಹೊರತು ಆ ಎಲ್ಲೆಯ ಸಾಕ್ಷಾತ್ಕಾರವಲ್ಲ. ಅದರೊಳಗಿನ ವಿಚಾರವು ಇಂದಿಗೂ ಗಣಿತಕ್ಕೆ ಮಾತ್ರ ವಿಷಯ.

ಈ ವಸ್ತುವು ಪುರಾಣಗಳಲ್ಲಿಯೇ ಹೇಳಲ್ಪಟ್ಟಿದೆಯೆಂದು ಅಲ್ಲಲ್ಲಿ ವಾದಿಸುವವರುಂಟು. ಪುರಾಣಗಳ ಪಾತಾಳವಿವರಗಳಿಗೂ ಈ ಕೃಷ್ಣವಿವರಕ್ಕೂ ಇರುವುದು ಪದಸಾಮ್ಯವೇ ಹೊರತು ಅರ್ಥಸಾಮ್ಯವಲ್ಲ. ಆ ಪದಸಾಮ್ಯವೂ ಆಧುನಿಕ ಅನುವಾದಕರಿಂದಾದುದು. ಅಂಥ ವಾದದಿಂದ ಪುರಾಣಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಪ್ರಯೋಜನವಿಲ್ಲ. ನಿಜವಾದ ಬಾಂಧವ್ಯವು ವಸ್ತುವಿನಲ್ಲಿಲ್ಲ, ವಿಚಾರಕ್ರಮದಲ್ಲಿದೆ. ಹೇತುವನ್ನು ಹೇಳಿ, ಅದರ ವ್ಯಭಿಚಾರವನ್ನು ತಾನೇ ಹುಡುಕಿ, ಪ್ರತಿವಾದಿಯ ಮಾತನ್ನು ಪೂರ್ಣವಾಗಿ ಕೇಳಿ, ಉಳಿದಷ್ಟನ್ನೇ ಸಿದ್ಧಾಂತವೆಂದು ಒಪ್ಪುವ ಕ್ರಮವು ಗೌತಮನ ಸೂತ್ರಗಳನ್ನು ಓದಿದವರಿಗೆ ಅಪರಿಚಿತವಲ್ಲ. ಮಿಷೆಲನಿಂದ ಮೊದಲಾಗಿ ಹಾನ್ಲೆಯ ದೂರದರ್ಶಕಗಳವರೆಗೆ ನಡೆದ ಕಾರ್ಯವೆಲ್ಲವೂ ಅದೇ ಕ್ರಮದ ಒಂದು ದೀರ್ಘವಾದ ಉದಾಹರಣೆಯಾಗಿದೆ. ಶಾಲೆಗಳಲ್ಲಿ ಅನುಮಾನಪ್ರಕರಣವನ್ನು ಪಾಠ ಹೇಳುವ ಉಪಾಧ್ಯಾಯರು ಪರ್ವತದ ಹೊಗೆಯ ಜತೆಯಲ್ಲಿ ರಾಜಹಂಸಪುಂಜದ ಈ ಕಾಣದ ಕಾಯವನ್ನೂ ದೃಷ್ಟಾಂತವಾಗಿ ಸೇರಿಸಿಕೊಂಡರೆ, ಹಳೆಯ ಶಾಸ್ತ್ರವು ಹೊಸ ವಿಷಯದಲ್ಲಿಯೂ ಜೀವಂತವಾಗಿರುವುದು ವಿದ್ಯಾರ್ಥಿಗಳಿಗೆ ಮನವರಿಕೆಯಾದೀತು.